ನಗು ಮತ್ತು ಅಳು ಒಟ್ಟಿಗೇ ಬಂದರೆ? ಬೈಪೋಲಾರ್‌ನ ಮಿಶ್ರ ಸ್ಥಿತಿಯನ್ನು ವಿಂಗಡಿಸಿದ ಎಮಿಲ್ ಕ್ರೆಪೆಲಿನ್ ಕಥೆ

ಅರ್ಧ ಮುಖದಲ್ಲಿ ನಗು, ಇನ್ನರ್ಧದಲ್ಲಿ ಕಣ್ಣೀರು. ಬೈಪೋಲಾರ್ ಕಾಯಿಲೆ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಹೆಚ್ಚುಕಡಿಮೆ ಇದೇ ಚಿತ್ರ ಇರುತ್ತದೆ. ಕೆಳಗಿನ ವಿವರಣೆಯೂ ಹೆಚ್ಚುಕಡಿಮೆ ಒಂದೇ. ಈ ಕಾಯಿಲೆ ಇರುವವರು ಸ್ವಲ್ಪ ದಿನ ವಿಪರೀತ ಖುಷಿಯಲ್ಲಿರುತ್ತಾರೆ, ಸ್ವಲ್ಪ ದಿನ ವಿಪರೀತ ದುಃಖದಲ್ಲಿರುತ್ತಾರೆ, ಏತದ ಹಾಗೆ ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ.

ಇದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯ ಇಲ್ಲಿ ಅಪಾಯ ತರಬಹುದು. ಬೈಪೋಲಾರ್ ಇರುವ ಅನೇಕರಿಗೆ ಒಮ್ಮೆಯಾದರೂ ಈ ಎರಡೂ ಒಟ್ಟಿಗೇ ಬರುತ್ತವೆ. ಮನಸ್ಸು ಕಪ್ಪಗೆ ಕವಿದಿರುತ್ತದೆ, ಆದರೆ ಮೈಯಲ್ಲಿ ತಡೆಯಲಾಗದ ಚಡಪಡಿಕೆ ಇರುತ್ತದೆ. ಬದುಕು ಬೇಡ ಅನಿಸುತ್ತದೆ, ಅದೇ ಹೊತ್ತಿಗೆ ತಲೆಯಲ್ಲಿ ಯೋಚನೆಗಳು ಬಿರುಗಾಳಿಯ ಹಾಗೆ ಓಡುತ್ತವೆ. ಇದನ್ನು ವೈದ್ಯರು ಮಿಶ್ರ ಸ್ಥಿತಿ ಎನ್ನುತ್ತಾರೆ. ಆತ್ಮಹತ್ಯೆಯ ಅಪಾಯ ಹೆಚ್ಚಿರುವ ಹಂತಗಳಲ್ಲಿ ಇದೂ ಒಂದು. ಇದನ್ನು ಬರೀ ಖಿನ್ನತೆ ಎಂದುಕೊಂಡು ಚಿಕಿತ್ಸೆ ಕೊಟ್ಟರೆ ಕೆಲವೊಮ್ಮೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಈ ಮಿಶ್ರ ಸ್ಥಿತಿಗೆ ಒಂದು ಹೆಸರು, ಒಂದು ಲೆಕ್ಕಾಚಾರ ಕೊಟ್ಟವನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್. ಅವನಿಗಿಂತ ಮುಂಚೆಯೂ ಕೆಲವು ವೈದ್ಯರು ಇಂಥ ರೋಗಿಗಳನ್ನು ಕಂಡು ಬರೆದಿದ್ದರು. ಆದರೆ ಇದು ಬಿಡಿ ವಿಚಿತ್ರವಲ್ಲ, ಒಂದು ಕಾಯಿಲೆಯ ಒಳಗಿನ ಕ್ರಮ ಎಂದು ತೋರಿಸಿದ್ದು ಕ್ರೆಪೆಲಿನ್ ಮತ್ತು ಅವನ ಸಹಾಯಕ. ಅಲ್ಝೈಮರ್ ಎಂಬ ಕಾಯಿಲೆಗೆ ಆ ಹೆಸರಿಟ್ಟವನೂ ಇವನೇ. ಆದರೂ ಫ್ರಾಯ್ಡ್ ಗೊತ್ತಿರುವಷ್ಟು ಇವನು ನಮಗೆ ಗೊತ್ತಿಲ್ಲ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, 1856ರಲ್ಲಿ.

ಚೇಳು ವಿಂಗಡಿಸುವ ಅಣ್ಣ, ಕಾಯಿಲೆ ವಿಂಗಡಿಸುವ ತಮ್ಮ

ಕ್ರೆಪೆಲಿನ್ ಹುಟ್ಟಿದ್ದು ಫೆಬ್ರವರಿ 15ರಂದು, ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಚಿಕ್ಕ ಊರಿನಲ್ಲಿ. ಅಪ್ಪ ಹಾಡುಗಾರ, ಸಂಗೀತದ ಮೇಷ್ಟ್ರು, ಆಮೇಲೆ ಊರೂರು ಸುತ್ತಿ ಜನರ ಮುಂದೆ ಕಥೆ ಹೇಳುವವರು. ಮಗನಿಗೆ ಆ ರಂಗು ಬರಲಿಲ್ಲ. ಅವನಿಗೆ ಹತ್ತಿರವಾದವನು ಅಣ್ಣ ಕಾರ್ಲ್. ಕಾರ್ಲ್ ಜೀವವಿಜ್ಞಾನಿ. ಮುಂದೆ ಹ್ಯಾಂಬರ್ಗ್‌ನ ಪ್ರಾಣಿ ಸಂಗ್ರಹಾಲಯದ ನಿರ್ದೇಶಕನಾಗಿ ಚೇಳುಗಳನ್ನೂ ಅವುಗಳ ಬಳಗದ ಜೀವಿಗಳನ್ನೂ ಜಾತಿವಾರು ವಿಂಗಡಿಸುವುದರಲ್ಲಿ ಹೆಸರು ಮಾಡಿದ. ಅಣ್ಣ ಚೇಳಿಗೆ ಮಾಡಿದ್ದನ್ನೇ ತಮ್ಮ ಮನಸ್ಸಿನ ಕಾಯಿಲೆಗಳಿಗೆ ಮಾಡಲು ಹೊರಟ ಎಂದರೆ ಅಷ್ಟೇನೂ ಉತ್ಪ್ರೇಕ್ಷೆಯಲ್ಲ.

ಲೈಪ್ಜಿಗ್ ಮತ್ತು ವ್ಯೂರ್ಟ್ಸ್‌ಬರ್ಗ್‌ನಲ್ಲಿ ವೈದ್ಯಕೀಯ ಓದಿ 1878ರಲ್ಲಿ ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್ ಫಾನ್ ಗುಡೆನ್ ಎಂಬ ದೊಡ್ಡ ವೈದ್ಯನ ಕೈಕೆಳಗೆ ಕೆಲಸಕ್ಕೆ ಸೇರಿದ. ಈ ಗುಡೆನ್ 1886ರಲ್ಲಿ ತನ್ನ ರೋಗಿಯೇ ಆಗಿದ್ದ ಬವೇರಿಯಾದ ದೊರೆ ಎರಡನೇ ಲುಡ್ವಿಗ್ ಜೊತೆ ಸರೋವರವೊಂದರಲ್ಲಿ ಶವವಾಗಿ ಸಿಕ್ಕ. ಆ ಸಾವಿನ ಗುಟ್ಟು ಇಂದಿಗೂ ಪೂರ್ತಿ ಬಿಡಿಸಲಾಗಿಲ್ಲ. ಅದೇ ಒಂದು ಬೇರೆ ಲೇಖನ ಆಗುತ್ತದೆ, ಇಲ್ಲಿ ಬೇಡ.

ಆ ಕಾಲದ ಮನೋವೈದ್ಯರಿಗೆ ಮಿದುಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ದೊಡ್ಡ ವಿದ್ಯೆ. ಕಾಯಿಲೆಯ ಮೂಲ ಅಲ್ಲೇ ಕಾಣಿಸುತ್ತದೆ ಎಂಬ ನಂಬಿಕೆ. ಕ್ರೆಪೆಲಿನ್‌ಗೆ ಕಣ್ಣಿನ ತೊಂದರೆ ಇತ್ತು. ಸೂಕ್ಷ್ಮದರ್ಶಕದ ಕೆಲಸ ಅವನಿಗೆ ಒಗ್ಗಲಿಲ್ಲ. 1882ರಲ್ಲಿ ಲೈಪ್ಜಿಗ್‌ಗೆ ಹೋಗಿ ಸೇರಿದ ಹೊಸ ಕೆಲಸವೂ ಕೆಲವೇ ತಿಂಗಳಲ್ಲಿ ಕೈತಪ್ಪಿತು, ಅಲ್ಲಿನ ಮುಖ್ಯಸ್ಥ ಅವನನ್ನು ತೆಗೆದುಹಾಕಿದ. ಮದುವೆಯಾಗಲು ಕಾಯುತ್ತಿದ್ದ ಹುಡುಗಿ ಒಂದು ಕಡೆ, ಕೈಯಲ್ಲಿ ಕಾಸಿಲ್ಲ ಇನ್ನೊಂದು ಕಡೆ. ಆಗ ಆಸರೆಯಾದದ್ದು ಅದೇ ಊರಿನಲ್ಲಿದ್ದ ವಿಲ್‌ಹೆಲ್ಮ್ ವುಂಟ್‌ನ ಪ್ರಯೋಗಾಲಯ. ಮನಸ್ಸನ್ನು ಅಳೆಯಬಹುದು, ಪ್ರಯೋಗಕ್ಕೆ ಒಡ್ಡಬಹುದು ಎಂದು ತೋರಿಸಿದ ಮೊದಲ ಪ್ರಯೋಗಾಲಯವೆಂದು ಅದಕ್ಕೆ ಹೆಸರು. ಅಲ್ಲಿ ಕಲಿತ ವಿಧಾನದಲ್ಲೇ ಕ್ರೆಪೆಲಿನ್ ಮುಂದೆ ಮದ್ಯ, ಚಹಾ, ಕೆಲವು ಔಷಧಿಗಳು ಯೋಚನೆಯ ವೇಗವನ್ನು ಎಷ್ಟು ಬದಲಿಸುತ್ತವೆ ಎಂದು ಅಳೆದ. ಯೋಚನೆ ಬೇರೆ, ಚಲನೆ ಬೇರೆ, ಎರಡನ್ನೂ ಬೇರೆಬೇರೆಯಾಗಿ ಅಳೆಯಬಹುದು ಎಂಬ ಈ ಪಾಠವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1883ರಲ್ಲಿ ಮನೋವೈದ್ಯಕೀಯದ ಮೇಲೆ ಒಂದು ಚಿಕ್ಕ ಕೈಪಿಡಿ ಬರೆದ. ಅದನ್ನೇ ತಿದ್ದುತ್ತಾ ಬೆಳೆಸುತ್ತಾ ಹೋದ. ಅದರ 8ನೇ ಆವೃತ್ತಿ ಬರುವಷ್ಟರಲ್ಲಿ ಅದು ನಾಲ್ಕು ದಪ್ಪ ಸಂಪುಟಗಳಾಗಿತ್ತು.

ರೋಗಿಯ ಭಾಷೆ ಗೊತ್ತಿಲ್ಲದ ಡಾಕ್ಟರ್

1886ರಲ್ಲಿ, 30ನೇ ವಯಸ್ಸಿಗೇ, ಕ್ರೆಪೆಲಿನ್ ಡಾರ್ಪಾಟ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ. ಇಂದಿನ ಎಸ್ಟೋನಿಯಾದ ಟಾರ್ಟು ನಗರ ಅದು, ಆಗ ರಷ್ಯಾ ಸಾಮ್ರಾಜ್ಯದೊಳಗಿತ್ತು. ವಿಶ್ವವಿದ್ಯಾಲಯದ ಭಾಷೆ ಜರ್ಮನ್. ಆದರೆ ಆಸ್ಪತ್ರೆಗೆ ಬರುವ ಹಳ್ಳಿಗರಲ್ಲಿ ಹೆಚ್ಚಿನವರು ಮಾತಾಡುತ್ತಿದ್ದುದು ಎಸ್ಟೋನಿಯನ್. ಅದು ಇವನಿಗೆ ಬರುತ್ತಿರಲಿಲ್ಲ. ಮನಸ್ಸಿನ ಡಾಕ್ಟರ್‌ಗೆ ರೋಗಿಯ ಮಾತೇ ಅರ್ಥವಾಗದಿದ್ದರೆ ಹೇಗೆ? ಪ್ರತಿಯೊಂದಕ್ಕೂ ದುಭಾಷಿಯನ್ನು ಕರೆಯಬೇಕಿತ್ತು.

ಇದು ಅವನ ವಿಧಾನವನ್ನು ರೂಪಿಸಿತು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ರೋಗಿ ಏನು ಹೇಳುತ್ತಾನೆ ಎನ್ನುವುದಕ್ಕಿಂತ ಹೇಗೆ ಕೂರುತ್ತಾನೆ, ಎಷ್ಟು ನಡೆಯುತ್ತಾನೆ, ಎಷ್ಟು ಬೇಗ ಉತ್ತರ ಕೊಡುತ್ತಾನೆ, ಮೂರು ತಿಂಗಳ ನಂತರ ಹೇಗಿದ್ದಾನೆ ಎನ್ನುವುದನ್ನು ಅವನು ನೋಡತೊಡಗಿದ. ಇದರ ಕೊರತೆಯೂ ಸ್ಪಷ್ಟ. ರೋಗಿಯ ಒಳಗಿನ ಕಥೆಗೆ ಅವನು ಕಿವಿಗೊಟ್ಟಿದ್ದು ಕಡಿಮೆ ಎಂಬ ದೂರು ಅವನ ಮೇಲೆ ಇಂದಿಗೂ ಇದೆ, ಅದು ನ್ಯಾಯವಾದ ದೂರು ಎಂದೇ ನನಗನಿಸುತ್ತದೆ.

1891ರಲ್ಲಿ ಹೈಡೆಲ್‌ಬರ್ಗ್‌ಗೆ ಬಂದ. ಅವನ ಅತಿ ಮುಖ್ಯ ಕೆಲಸ ನಡೆದದ್ದು ಅಲ್ಲೇ. ಪ್ರತಿ ರೋಗಿಗೂ ಒಂದು ಕಾರ್ಡ್. ಅದರಲ್ಲಿ ಲಕ್ಷಣಗಳು, ದಾಖಲಾದ ದಿನ, ಬಿಡುಗಡೆಯಾದ ದಿನ, ಮತ್ತೆ ಬಂದ ದಿನ. ರೋಗಿ ಬೇರೆ ಆಸ್ಪತ್ರೆಗೆ ಹೋದರೂ ಅಲ್ಲಿಂದ ಸುದ್ದಿ ತರಿಸಿ ಬರೆಯುತ್ತಿದ್ದ. ರಜೆಗೆ ಹೋಗುವಾಗಲೂ ಈ ಕಾರ್ಡುಗಳ ಕಟ್ಟು ಜೊತೆಗಿರುತ್ತಿತ್ತು. ಅವನ್ನು ಹರಡಿಕೊಂಡು ಒಂದೇ ಥರದವನ್ನು ಒಂದು ಕಡೆ ಸೇರಿಸುವುದು, ಮತ್ತೆ ಕಲಸಿ ಮತ್ತೆ ಸೇರಿಸುವುದು.

ಇದರಿಂದ ಏನು ಲಾಭ? ಒಂದು ದಿನದ ಜ್ವರ ನೋಡಿ ಅದು ಮಲೇರಿಯಾವೋ ಟೈಫಾಯ್ಡೋ ಎಂದು ಹೇಳುವುದು ಕಷ್ಟ. ಜ್ವರ ದಿನ ಬಿಟ್ಟು ದಿನ ಬರುತ್ತದೋ, ಮೆಟ್ಟಿಲು ಹತ್ತಿದ ಹಾಗೆ ಏರುತ್ತದೋ ಎಂದು ನೋಡಿದರೆ ಸುಳಿವು ಸಿಗುತ್ತದೆ. ರಕ್ತ ಪರೀಕ್ಷೆ ಇಲ್ಲದ ಕಾಲದಲ್ಲಿ ವೈದ್ಯರು ಹಾಗೇ ಮಾಡುತ್ತಿದ್ದರು. ಮನಸ್ಸಿನ ಕಾಯಿಲೆಗೂ ಕ್ರೆಪೆಲಿನ್ ಅದನ್ನೇ ಹಿಡಿದ. 1899ರಲ್ಲಿ ಬಂದ 6ನೇ ಆವೃತ್ತಿಯಲ್ಲಿ ಆ ಕಾರ್ಡುಗಳು ಮುಖ್ಯವಾಗಿ ಎರಡು ರಾಶಿಯಾಗಿ ನಿಂತವು. ಹರೆಯದಲ್ಲಿ ಶುರುವಾಗಿ ಬಹುಪಾಲು ಜನರಲ್ಲಿ ಕ್ರಮೇಣ ಕುಸಿಯುತ್ತಾ ಹೋಗುವ ಕಾಯಿಲೆ ಒಂದು, ಅದರ ಇಂದಿನ ರೂಪ ಸ್ಕಿಜೋಫ್ರೇನಿಯಾ. ಬಂದು ಹೋಗಿ ಮತ್ತೆ ಬರುವ, ನಡುವೆ ಮನುಷ್ಯ ಬಹುಮಟ್ಟಿಗೆ ಮೊದಲಿನಂತಾಗುವ ಕಾಯಿಲೆ ಇನ್ನೊಂದು. ಅದನ್ನು ಅವನು ಉನ್ಮಾದ-ಖಿನ್ನತೆಯ ಕಾಯಿಲೆ ಎಂದ. ಇಂದಿನ ಬೈಪೋಲಾರ್ ಅದರೊಳಗೇ ಇತ್ತು. ಪದೇಪದೇ ಬರುವ ಖಿನ್ನತೆಯನ್ನೂ ಅವನು ಅದೇ ರಾಶಿಗೆ ಹಾಕಿದ್ದ.

ಮೂರು ದಾರ, ಆರು ಗಂಟು

ಒಂದೇ ಕಾಯಿಲೆಯಲ್ಲಿ ಉನ್ಮಾದವೂ ಖಿನ್ನತೆಯೂ ಹೇಗೆ ಬರಲು ಸಾಧ್ಯ, ಅವೆರಡೂ ವಿರುದ್ಧವಲ್ಲವೇ? ಸಹಜವಾದ ಪ್ರಶ್ನೆ. ಅದಕ್ಕೆ ಕ್ರೆಪೆಲಿನ್ ಕೊಟ್ಟ ಬಲವಾದ ಉತ್ತರವೇ ಮಿಶ್ರ ಸ್ಥಿತಿ. ರೋಗಿ ಉನ್ಮಾದದಿಂದ ಖಿನ್ನತೆಗೆ, ಅಥವಾ ಖಿನ್ನತೆಯಿಂದ ಉನ್ಮಾದಕ್ಕೆ ಜಾರುವ ದಿನಗಳನ್ನು ಅವನು ಗಮನವಿಟ್ಟು ನೋಡಿದ. ಎಲ್ಲವೂ ಸ್ವಿಚ್ ಒತ್ತಿದ ಹಾಗೆ ಒಟ್ಟಿಗೇ ಬದಲಾಗುತ್ತಿರಲಿಲ್ಲ. ಮನಸ್ಸು ಕುಗ್ಗಿದ ಮೇಲೂ ಕೈಕಾಲು ಉನ್ಮಾದದ ವೇಗದಲ್ಲೇ ಇರುತ್ತಿದ್ದವು. ಇಲ್ಲವೇ ಮುಖದಲ್ಲಿ ಗೆಲುವು ಬಂದರೂ ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಹಾಗಾದರೆ ಮೂಡ್ ಎನ್ನುವುದು ಒಂದೇ ಹಗ್ಗವಲ್ಲ, ಮೂರು ಎಳೆ ಹೊಸೆದದ್ದು. ಒಂದು ಎಳೆ ಭಾವ, ಅಂದರೆ ಖುಷಿ ಅಥವಾ ದುಃಖ. ಇನ್ನೊಂದು ಯೋಚನೆ, ಅದು ಓಡುತ್ತದೆ ಅಥವಾ ನಿಲ್ಲುತ್ತದೆ. ಮೂರನೆಯದು ಚಟುವಟಿಕೆ, ಅಂದರೆ ಏನಾದರೂ ಮಾಡಬೇಕೆಂಬ ಒತ್ತಡ ಮತ್ತು ಮೈಯ ಓಡಾಟ. ಮೂರೂ ಮೇಲಿದ್ದರೆ ಶುದ್ಧ ಉನ್ಮಾದ. ಮೂರೂ ಕೆಳಗಿದ್ದರೆ ಶುದ್ಧ ಖಿನ್ನತೆ. ಮೂರು ಎಳೆ, ಪ್ರತಿಯೊಂದಕ್ಕೂ ಎರಡು ದಿಕ್ಕು. ಒಟ್ಟು ಎಂಟು ಜೋಡಣೆ ಸಾಧ್ಯ. ಶುದ್ಧವಾದ ಎರಡನ್ನು ಕಳೆದರೆ ಉಳಿಯುವುದು ಆರು. ಶಾಲೆಯ ಗಣಿತ ಅಷ್ಟೇ, ಆದರೆ ವಾರ್ಡಿನಲ್ಲಿ ನಿಜವಾಗಿಯೂ ಆ ಆರೂ ಬಗೆಯ ಜನರಿದ್ದರು. ಕ್ರೆಪೆಲಿನ್‌ನ ಸಹಾಯಕ ವಿಲ್‌ಹೆಲ್ಮ್ ವೈಗಾಂಟ್ 1899ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದ. 1913ರಲ್ಲಿ ಬಂದ 8ನೇ ಆವೃತ್ತಿಯ ಸಂಪುಟದಲ್ಲಿ ಗುರು ಆ ಆರನ್ನೂ ವಿವರವಾಗಿ ವರ್ಣಿಸಿದ.

ಇವುಗಳಲ್ಲಿ ಕುಟುಂಬದವರು ಮೊದಲು ತಿಳಿಯಬೇಕಾದದ್ದು, ದುಃಖದ ಜೊತೆ ವೇಗ ಬೆರೆತಿರುವ ಮೂರನ್ನು. ಆತಂಕದ ಉನ್ಮಾದದಲ್ಲಿ ಭಾವ ಮಾತ್ರ ಕೆಳಗೆ, ಯೋಚನೆ ಮತ್ತು ಓಡಾಟ ಎರಡೂ ಮೇಲೆ. ಅಂಥವರು ರಾತ್ರಿಯಿಡೀ ಮಾತಾಡುತ್ತಾರೆ, ಆದರೆ ಆ ಮಾತೆಲ್ಲ ಭಯದ್ದು, ಕೇಡಿನದ್ದು. ಯಾರೋ ಏನೋ ಮಾಡುತ್ತಾರೆ, ಎಲ್ಲ ಮುಗಿಯಿತು ಎಂಬ ಧಾಟಿ. ಉದ್ವಿಗ್ನ ಖಿನ್ನತೆಯಲ್ಲಿ ಭಾವವೂ ಕೆಳಗೆ, ಯೋಚನೆಯೂ ಒಂದೇ ಕಡೆ ಸಿಕ್ಕಿಬಿದ್ದಿರುತ್ತದೆ, ಮೈ ಮಾತ್ರ ಸುಮ್ಮನಿರುವುದಿಲ್ಲ. ಹಜಾರದಲ್ಲಿ ಅತ್ತಿಂದಿತ್ತ ನಡೆಯುವುದು, ಕೈ ಹಿಸುಕುವುದು, ಕೂತಲ್ಲಿ ಕೂರಲಾಗದೆ ಒಂದೇ ಮಾತನ್ನು ನೂರು ಸಲ ಹೇಳುವುದು. ಮೂರನೆಯದು ಹೊರಗಿನಿಂದ ಕಾಣುವುದೇ ಇಲ್ಲ. ಮನುಷ್ಯ ಮಂಕಾಗಿ ಮಲಗಿರುತ್ತಾನೆ, ಮಾತು ಕಡಿಮೆ, ಎದ್ದು ಸ್ನಾನ ಮಾಡಲೂ ತ್ರಾಣವಿಲ್ಲ. ಮನೆಯವರಿಗೆ ಅದು ಮಾಮೂಲಿ ಖಿನ್ನತೆ. ಆದರೆ ತಲೆಯೊಳಗೆ ಯೋಚನೆಗಳು ಒಂದರ ಮೇಲೊಂದು ನುಗ್ಗುತ್ತಿರುತ್ತವೆ, ನಿಲ್ಲಿಸಲು ಆಗುವುದಿಲ್ಲ. ಯಾರಾದರೂ ಕೇಳಿದರೆ ಮಾತ್ರ ಅದು ಗೊತ್ತಾಗುತ್ತದೆ.

ಉಳಿದ ಮೂರರಲ್ಲಿ ಭಾವ ಮೇಲಿರುತ್ತದೆ. ಖುಷಿ, ಓಡಾಟ ಎರಡೂ ಇದ್ದು ಯೋಚನೆ ಮಾತ್ರ ಬರಿದಾಗಿರುವುದು ಒಂದು. ಅಂಥವರು ನಗುತ್ತಾ ತುಂಟಾಟ ಮಾಡುತ್ತಾ ಇರುತ್ತಾರೆ, ಆದರೆ ಸರಳ ಪ್ರಶ್ನೆಗೂ ಉತ್ತರ ಹೊಳೆಯುವುದಿಲ್ಲ. ಮುಖದಲ್ಲಿ ಗೆಲುವಿದ್ದು ಯೋಚನೆ, ಮೈ ಎರಡೂ ಕಟ್ಟಿಹಾಕಿದಂತಿರುವುದು ಇನ್ನೊಂದು. ಖುಷಿಯೂ ಇದೆ, ಯೋಚನೆಯೂ ಓಡುತ್ತಿದೆ, ಮೈ ಮಾತ್ರ ಅಲುಗುತ್ತಿಲ್ಲ ಎನ್ನುವುದು ಕೊನೆಯದು. ಇವು ಅಪರೂಪ. ಇಂದಿನ ಚಿಕಿತ್ಸೆಯಲ್ಲಿ ಈ ಹೆಸರುಗಳನ್ನು ಹಾಗೇ ಬಳಸುವುದೂ ಇಲ್ಲ.

ಕ್ರೆಪೆಲಿನ್ ಇನ್ನೊಂದನ್ನೂ ಗಮನಿಸಿದ್ದ. ಹೆಚ್ಚಿನವರಲ್ಲಿ ಈ ಬೆರಕೆ ಒಂದು ತುದಿಯಿಂದ ಇನ್ನೊಂದಕ್ಕೆ ದಾಟುವ ಕೆಲವು ದಿನಗಳ ಮಾತು. ಕೆಲವರಲ್ಲಿ ಮಾತ್ರ ಇಡೀ ಸುತ್ತೇ ಮಿಶ್ರವಾಗಿರುತ್ತದೆ. ಅಂಥವರ ಕಾಯಿಲೆ ಹೆಚ್ಚು ದಿನ ಎಳೆಯುತ್ತದೆ, ಹೆಚ್ಚು ಕಾಡುತ್ತದೆ. ಇಂದಿನ ಅಧ್ಯಯನಗಳೂ ಈ ಮಾತನ್ನು ಬಹುಮಟ್ಟಿಗೆ ಒಪ್ಪುತ್ತವೆ. ಉನ್ಮಾದದ ಹಂತದಲ್ಲಿರುವವರಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರಿಗೆ ಗಮನಾರ್ಹ ಖಿನ್ನತೆಯ ಲಕ್ಷಣಗಳೂ ಜೊತೆಗಿರುತ್ತವೆ ಎನ್ನುವುದು ಸಾಮಾನ್ಯ ಅಂದಾಜು. ಯಾವ ಅಳತೆಗೋಲು ಹಿಡಿದಿರಿ ಎನ್ನುವುದರ ಮೇಲೆ ಈ ಲೆಕ್ಕ ಏರುಪೇರಾಗುತ್ತದೆ.

ಅಪಾಯ ಯಾಕೆ ಹೆಚ್ಚು ಎನ್ನುವುದೂ ಈ ಮೂರು ಎಳೆಗಳಿಂದಲೇ ಅರ್ಥವಾಗುತ್ತದೆ. ತೀವ್ರ ಖಿನ್ನತೆಯಲ್ಲಿ ಬದುಕು ಬೇಡವಾದರೂ ಕೆಲವರಿಗೆ ಏನನ್ನೂ ಮಾಡುವ ಶಕ್ತಿ ಇರುವುದಿಲ್ಲ, ಹಾಗೆಂದು ಅಲ್ಲಿ ಅಪಾಯವಿಲ್ಲ ಎಂದಲ್ಲ. ಮಿಶ್ರ ಸ್ಥಿತಿಯಲ್ಲಿ ಹತಾಶೆಗೆ ಶಕ್ತಿ, ದುಡುಕು, ನಿದ್ದೆಗೇಡು ಎಲ್ಲವೂ ಸೇರಿಕೊಳ್ಳುತ್ತವೆ.

ಬಿಯರ್ ಊರಿನಲ್ಲಿ ನಿಂಬೆಹಣ್ಣಿನ ಪಾನಕದ ಡಾಕ್ಟರ್

1903ರಲ್ಲಿ ಕ್ರೆಪೆಲಿನ್ ಮ್ಯೂನಿಕ್‌ಗೆ ಮರಳಿದ. ಈ ಸಲ ಮುಖ್ಯಸ್ಥನಾಗಿ. ಜೊತೆಗೆ ಬಂದವರಲ್ಲಿ ಅಲೋಯ್ಸ್ ಅಲ್ಝೈಮರ್ ಒಬ್ಬ. ಕ್ರೆಪೆಲಿನ್‌ಗೆ ಆಗದಿದ್ದ ಸೂಕ್ಷ್ಮದರ್ಶಕದ ಕೆಲಸದಲ್ಲಿ ಇವನು ನಿಪುಣ. ಮರೆವಿನ ಕಾಯಿಲೆಯಿಂದ ಸತ್ತ ಮಹಿಳೆಯೊಬ್ಬರ ಮಿದುಳಿನಲ್ಲಿ ಅಲ್ಝೈಮರ್ ಕಂಡದ್ದನ್ನು ಕ್ರೆಪೆಲಿನ್ 1910ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿ, ಆ ಕಾಯಿಲೆಗೆ ಸಹೋದ್ಯೋಗಿಯ ಹೆಸರನ್ನೇ ಇಟ್ಟ. 1904ರಲ್ಲಿ ಅಣ್ಣ ಕಾರ್ಲ್ ಜೊತೆ ಜಾವಾ ದ್ವೀಪಕ್ಕೆ ಹೋಗಿ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿದ. ತಾನು ಯುರೋಪಿನಲ್ಲಿ ಕಂಡ ಕಾಯಿಲೆಗಳು ಬೇರೆ ಜನರಲ್ಲೂ ಇವೆಯೇ ಎಂದು ಪರೀಕ್ಷಿಸುವುದು ಅವನ ಉದ್ದೇಶ. ಇವೆ, ಆದರೆ ರೂಪ ಸ್ವಲ್ಪ ಬೇರೆ ಎಂದು ಬರೆದ.

ಅವನ ಚಿಕಿತ್ಸೆ ಏನಿತ್ತು? ನಿಜ ಹೇಳಬೇಕೆಂದರೆ ಹೆಚ್ಚೇನೂ ಇರಲಿಲ್ಲ. ಉದ್ವಿಗ್ನರಾದವರನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇಡುತ್ತಿದ್ದರು. ಹಾಸಿಗೆಯಲ್ಲಿ ವಿಶ್ರಾಂತಿ, ಸದ್ದುಗದ್ದಲದಿಂದ ದೂರ, ನಿದ್ದೆಗೆ ಬ್ರೋಮೈಡ್‌ನಂಥ ಔಷಧಿ, ವಿಪರೀತ ಆತಂಕಕ್ಕೆ ಅಫೀಮು. ಸರಪಳಿ ಹಾಕುವುದಕ್ಕಿಂತ ಇದು ಎಷ್ಟೋ ಮೇಲು, ಆದರೆ ಕಾಯಿಲೆಯನ್ನು ತಡೆಯುವಂಥದ್ದು ಅಲ್ಲ. ಆ ಸುತ್ತು ತಾನಾಗಿ ಮುಗಿಯುವವರೆಗೆ ರೋಗಿಯನ್ನು ಕಾಪಾಡುವುದೇ ಕೆಲಸ.

ಮದ್ಯವೆಂದರೆ ಅವನಿಗೆ ಆಗದು. ತಾನೂ ಬಿಟ್ಟ, ಬಿಯರ್‌ಗೇ ಹೆಸರಾದ ಮ್ಯೂನಿಕ್‌ನಲ್ಲಿ ತನ್ನ ಆಸ್ಪತ್ರೆಯಲ್ಲಿ ಅದನ್ನು ನಿಲ್ಲಿಸಿ ನಿಂಬೆಹಣ್ಣಿನ ಪಾನಕ ಕೊಡಿಸಿದ. ಜನ ಅದನ್ನು ಗೇಲಿ ಮಾಡಿದರು. ಮದ್ಯ ಮೂಡ್ ಕಾಯಿಲೆಗಳನ್ನು ಕೆಡಿಸುತ್ತದೆ ಎನ್ನುವುದರಲ್ಲಿ ಮಾತ್ರ ಇಂದು ಯಾರಿಗೂ ಅನುಮಾನವಿಲ್ಲ.

ಇಷ್ಟು ಹೇಳಿ ಅವನನ್ನು ಮಹಾಪುರುಷ ಮಾಡಿಬಿಡುವುದು ಸುಲಭ. ಆದರೆ ಇನ್ನೊಂದು ಮುಖವಿದೆ. ಮನಸ್ಸಿನ ಕಾಯಿಲೆ ಎಂದರೆ ವಂಶದ ಅವನತಿ, ಅದು ಇಡೀ ಜನಾಂಗವನ್ನು ದುರ್ಬಲ ಮಾಡುತ್ತದೆ ಎಂಬ ವಿಚಾರವನ್ನು ಕ್ರೆಪೆಲಿನ್ ನಂಬಿ ಬರೆದ. ಯಹೂದಿಗಳ ಬಗ್ಗೆ ಪೂರ್ವಗ್ರಹದ ಮಾತುಗಳನ್ನೂ ಬರೆದ. 1917ರಲ್ಲಿ ಅವನು ಮ್ಯೂನಿಕ್‌ನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಗೆ ದೊಡ್ಡ ದಾನ ಕೊಟ್ಟವನು ಯಹೂದಿ ಕುಟುಂಬದ ಜೇಮ್ಸ್ ಲೋಬ್ ಎನ್ನುವುದು ವಿಪರ್ಯಾಸ. ಅದೇ ಸಂಸ್ಥೆಯಲ್ಲಿ ವಂಶಾವಳಿ ವಿಭಾಗ ನಡೆಸಿದ ಶಿಷ್ಯ ಎರ್ನ್‌ಸ್ಟ್ ರ್‍ಯೂಡಿನ್ ಮುಂದೆ ನಾಜಿಗಳ 1933ರ ಬಲವಂತದ ಸಂತಾನಹರಣ ಕಾನೂನಿಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಒಬ್ಬನಾದ. ಆ ಕಾನೂನಿನ ಪಟ್ಟಿಯಲ್ಲಿದ್ದ ಕಾಯಿಲೆಗಳಲ್ಲಿ ಉನ್ಮಾದ-ಖಿನ್ನತೆಯೂ ಒಂದು. ಅದರಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆ ಹೊತ್ತಿಗೆ ಕ್ರೆಪೆಲಿನ್ ಬದುಕಿರಲಿಲ್ಲ. ಆದರೆ ಅವನು ಕಾರ್ಡಿನ ಮೇಲೆ ಬರೆದಿಟ್ಟ ಹೆಸರು ಜನರ ಮೈಮೇಲೆ ಬರೆ ಎಳೆಯಲು ಬಳಕೆಯಾಯಿತು ಎನ್ನುವುದನ್ನು ಬಿಟ್ಟು ಅವನ ಜೀವನ ಹೇಳಲಾಗದು.

ತನ್ನ ವಿಂಗಡಣೆಯ ಬಗ್ಗೆ ಕೊನೆಗಾಲದಲ್ಲಿ ಅವನಿಗೇ ಸಂಶಯ ಬಂದಿತ್ತು. ಎರಡು ರಾಶಿಗಳ ನಡುವೆ ತಾನು ಎಳೆದ ಗೆರೆ ಎಷ್ಟೋ ರೋಗಿಗಳಿಗೆ ಹೊಂದುತ್ತಿಲ್ಲ ಎಂದು 1920ರ ಒಂದು ಲೇಖನದಲ್ಲಿ ಒಪ್ಪಿಕೊಂಡ. ಪುಸ್ತಕದ 9ನೇ ಆವೃತ್ತಿಯ ಕೆಲಸದ ನಡುವೆಯೇ 1926ರ ಅಕ್ಟೋಬರ್ 7ರಂದು, 70ನೇ ವಯಸ್ಸಿನಲ್ಲಿ ತೀರಿಕೊಂಡ.

ಅವನ ನಂತರ ಏನಾಯಿತು?

ಮಿಶ್ರ ಸ್ಥಿತಿ ಬಹುಕಾಲ ಮೂಲೆಗೆ ಬಿತ್ತು. ಖಿನ್ನತೆ ಬೇರೆ, ಬೈಪೋಲಾರ್ ಬೇರೆ ಎಂಬ ವಿಂಗಡಣೆ 1960ರ ದಶಕದಲ್ಲಿ ಗಟ್ಟಿಯಾದ ಮೇಲೆ ನಡುವಿನದ್ದನ್ನು ನೋಡುವವರು ಕಡಿಮೆಯಾದರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ 1994ರ ಆವೃತ್ತಿಯಲ್ಲಿ ಬಹಳ ಬಿಗಿಯಾದ ನಿಯಮ ಹಾಕಿತು. ಉನ್ಮಾದದ ಎಲ್ಲ ಮಾನದಂಡವೂ ಖಿನ್ನತೆಯ ಎಲ್ಲ ಮಾನದಂಡವೂ ಕನಿಷ್ಠ ಒಂದು ವಾರ ಒಟ್ಟಿಗೆ ಇದ್ದರೆ ಮಾತ್ರ ಮಿಶ್ರ ಎನ್ನಬೇಕು. ಅಷ್ಟು ಅಚ್ಚುಕಟ್ಟಾಗಿ ಬರುವ ರೋಗಿಗಳು ಕೆಲವರೇ. 2013ರಲ್ಲಿ ಅದನ್ನು ಸಡಿಲಿಸಿದರು. ಉನ್ಮಾದ ಅಥವಾ ಖಿನ್ನತೆ ಯಾವುದೇ ಇರಲಿ, ಎದುರು ತುದಿಯ ಕನಿಷ್ಠ ಮೂರು ಲಕ್ಷಣ ಸೇರಿದ್ದರೆ ಮಿಶ್ರ ಲಕ್ಷಣಗಳಿವೆ ಎಂದು ಬರೆಯಬಹುದು.

ಆದರೆ ಒಂದು ಎಡವಟ್ಟು ಉಳಿಯಿತು. ಸಿಡುಕು, ಚಡಪಡಿಕೆ, ಗಮನ ಚದುರುವುದು ಈ ಮೂರೂ ಎರಡೂ ಕಡೆ ಬರುವಂಥವು ಎಂದು ಅವನ್ನು ಆ ಲೆಕ್ಕದಿಂದ ಕೈಬಿಟ್ಟರು. ಮಿಶ್ರ ಸ್ಥಿತಿಯಲ್ಲಿ ಎದ್ದು ಕಾಣುವುದೇ ಇವು! ರೋಮ್‌ನಲ್ಲಿದ್ದ ಮನೋವೈದ್ಯ ಅಥನಾಸಿಯೊಸ್ ಕುಕೋಪುಲೊಸ್ ತನ್ನ ವೃತ್ತಿಜೀವನದ ಬಹುಪಾಲು ಇದೇ ವಾದ ಮಾಡಿದ. ಉದ್ವಿಗ್ನ ಖಿನ್ನತೆ ಮಿಶ್ರ ಸ್ಥಿತಿಯೇ, ಅದನ್ನು ಸಾಧಾರಣ ಖಿನ್ನತೆಯ ಹಾಗೆ ನೋಡಬಾರದು ಎನ್ನುವುದು ಅವನ ನಿಲುವು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ ಐಸಿಡಿ-11 ಮಾತ್ರ ಮಿಶ್ರ ಸ್ಥಿತಿಯನ್ನು ಪ್ರತ್ಯೇಕವಾಗಿಯೇ ಉಳಿಸಿಕೊಂಡಿದೆ. ಎರಡೂ ಬಗೆಯ ಲಕ್ಷಣಗಳು ಒಟ್ಟಿಗೆ, ಅಥವಾ ಬಹಳ ಬೇಗಬೇಗ ಅದಲುಬದಲಾಗುತ್ತಾ, ಸಾಮಾನ್ಯವಾಗಿ ಎರಡು ವಾರ ಇರಬೇಕು ಎನ್ನುತ್ತದೆ ಅದು.

ಇದು ಬರೀ ಹೆಸರಿನ ಜಗಳವಲ್ಲ, ಮಾತ್ರೆ ಬದಲಾಗುತ್ತದೆ. ಖಿನ್ನತೆಗೆ ಕೊಡುವ ಮಾತ್ರೆಯನ್ನು ಮಾತ್ರ ಕೊಟ್ಟರೆ ಮಿಶ್ರ ಸ್ಥಿತಿಯಲ್ಲಿ ಚಡಪಡಿಕೆ, ನಿದ್ದೆಗೇಡು, ಉನ್ಮಾದ ಹೆಚ್ಚುವ ಸಾಧ್ಯತೆಯಿದೆ. ಹಾಗಾಗಿ ವೈದ್ಯರು ಸಾಮಾನ್ಯವಾಗಿ ಅದನ್ನು ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಥೈರಾಯ್ಡ್, ಮದ್ಯ, ಗಾಂಜಾ, ಸ್ಟೆರಾಯ್ಡ್ ಔಷಧಿ ಇವುಗಳ ಪಾತ್ರವಿದೆಯೇ ಎಂದು ನೋಡುತ್ತಾರೆ. ನಂತರ ಒಲಾಂಜಪೀನ್, ಕ್ವಿಟಯಾಪೀನ್‌ನಂಥ ಔಷಧಿಗಳು, ಅಥವಾ ವಾಲ್‌ಪ್ರೊಯೇಟ್, ಕೆಲವೊಮ್ಮೆ ಎರಡೂ. ವಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ, ಆದ್ದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಈ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಲಿಥಿಯಂ ಕಥೆ ಸ್ವಲ್ಪ ಬೇರೆ. ಮೊಬೈಲ್ ಬ್ಯಾಟರಿಯಲ್ಲಿರುವ ವಿಷವನ್ನೇ ತಿನ್ನಿಸುತ್ತಾರೆ ಎಂದು ಹೆದರಿಸುವವರಿದ್ದಾರೆ. ಧಾತು ಅದೇ, ಆದರೆ ಔಷಧಿಯಾಗಿ ಕೊಡುವುದು ಅದರ ಲವಣವನ್ನು. ಅಡುಗೆ ಉಪ್ಪಿನಲ್ಲೂ ಕ್ಲೋರಿನ್ ಇದೆ, ಯಾರೂ ಅದನ್ನು ವಿಷಾನಿಲ ಎನ್ನುವುದಿಲ್ಲ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದದ 10 ರೋಗಿಗಳಿಗೆ ಅದನ್ನು ಕೊಟ್ಟು ಫಲಿತಾಂಶ ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ ಬೈಪೋಲಾರ್ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆ ತಗ್ಗಿಸುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಅದು ಚೆನ್ನಾಗಿ ಹಿಡಿಯುವುದು ಶುದ್ಧ ಉನ್ಮಾದಕ್ಕೆ. ಮಿಶ್ರ ಸ್ಥಿತಿಯ ತೀವ್ರ ಹಂತದಲ್ಲಿ ಅದೊಂದೇ ಸಾಕಾಗದೆ ಇರಬಹುದು. ರಕ್ತದಲ್ಲಿ ಅದರ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಇವನ್ನು ಆಗಾಗ ಪರೀಕ್ಷಿಸಬೇಕು. ಪರೀಕ್ಷೆಯಿಲ್ಲದೆ ತಿನ್ನುವುದೂ ತಪ್ಪು, ಭಯದಿಂದ ದಿಢೀರನೆ ಬಿಡುವುದೂ ತಪ್ಪು.

ಔಷಧಿಗೆ ಬಗ್ಗದ ಮಿಶ್ರ ಸ್ಥಿತಿಗೆ, ಜೀವಕ್ಕೆ ಅಪಾಯವಿದ್ದಾಗ, ಇಸಿಟಿ ಪರಿಣಾಮಕಾರಿ. ಸಿನಿಮಾದಲ್ಲಿ ತೋರಿಸುವ ಕರೆಂಟ್ ಶಾಕ್ ಶಿಕ್ಷೆ ಅಲ್ಲ ಅದು. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ ಮಾಡುವ ಚಿಕಿತ್ಸೆ. ಕೆಲವರಿಗೆ ಸ್ವಲ್ಪ ಕಾಲ ಮರೆವು ಬರುತ್ತದೆ ಎನ್ನುವುದು ನಿಜ.

ಡಾಕ್ಟರ್ ಹತ್ತಿರ ಹೋದಾಗ ಮನೆಯವರು ಸಾಮಾನ್ಯವಾಗಿ ಬೇಜಾರಲ್ಲಿದ್ದಾರೆ ಅಥವಾ ಸಿಟ್ಟು ಜಾಸ್ತಿ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಕ್ರೆಪೆಲಿನ್‌ನ ಮೂರು ಎಳೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಭಾವ ಹೇಗಿದೆ, ಯೋಚನೆ ಓಡುತ್ತಿದೆಯೋ ನಿಂತಿದೆಯೋ, ಮೈ ಸುಮ್ಮನಿದೆಯೋ ಇಲ್ಲವೋ, ಮೂರನ್ನೂ ಬೇರೆಬೇರೆಯಾಗಿ ಹೇಳಿ. ರಾತ್ರಿ ಎಷ್ಟು ಗಂಟೆ ನಿದ್ದೆ, ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆಯೂ ದಣಿಯದ ದಿನಗಳಿದ್ದವೇ, ಹೊಸ ಮಾತ್ರೆ ಶುರುಮಾಡಿದ ಮೇಲೆ ಚಡಪಡಿಕೆ ಹೆಚ್ಚಿತೇ, ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇತ್ತೇ, ಇವನ್ನೂ ಹೇಳಿ. ಸಾಯುವ ಮಾತು ಬಂದಿದ್ದರೆ ಮುಚ್ಚಿಡಬೇಡಿ, ಆ ವ್ಯಕ್ತಿಯನ್ನು ಒಬ್ಬರನ್ನೇ ಬಿಡಬೇಡಿ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ.